ಐಎಎಸ್ ಕನಸಿಗೆ ಎರಡನೆಯ ದಾರಿ ಬೇಡವೇ?

ಬೇಲೂರಿನಿಂದ ಸಕಲೇಶಪುರದ ಕಡೆಗೆ ಸಾಗುವ ರಸ್ತೆಯಲ್ಲಿ ಬಿಕ್ಕೋಡು ಸಿಗುತ್ತದೆ. ಅದೊಂದು ಹೋಬಳಿ ಕೇಂದ್ರ. ಸುತ್ತಲೂ ಕಾಫಿ ತೋಟಗಳು, ತಗ್ಗಿನಲ್ಲಿ ಗದ್ದೆಗಳು. ಕಾಡಾನೆಯ ಹಿಂಡು ಇಳಿದಿದೆ ಎಂಬ ಸುದ್ದಿ ಬಂದ ದಿನ ತೋಟದ ಕೆಲಸವೇ ನಿಂತುಹೋಗುವ ಸೀಮೆ ಅದು. ಅಲ್ಲಿ ಒಂದು ಶುಕ್ರವಾರ ಜುಮಾ ನಮಾಝ್ ಮುಗಿದ ಬಳಿಕ, ಕಾಫಿ ಮತ್ತು ಮೆಣಸು ಕೊಳ್ಳುವ ಸಣ್ಣ ವ್ಯಾಪಾರಿಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಕುಳ್ಳಿರಿಸಿಕೊಂಡರು.

“ಮೌಲಾನಾ, ಮಗನ ವಿಷಯ ಒಂದು ಹೇಳಬೇಕಿತ್ತು” ಎಂದು ಆರಂಭಿಸಿದವರು ಸ್ವಲ್ಪ ಹೊತ್ತು ಸುಮ್ಮನಾದರು. ಮಗ ಹಾಸನದಲ್ಲಿ ಬಿ.ಎ. ಮುಗಿಸಿ ಐಎಎಸ್ ತರಬೇತಿಗೆಂದು ಬೆಂಗಳೂರು ಸೇರಿದ್ದ. ಐದು ವರ್ಷ ಓದಿದ. ನಾಲ್ಕು ಬಾರಿ ಪರೀಕ್ಷೆ ಬರೆದ. ಒಮ್ಮೆ ಮೇನ್ಸ್ ಬಾಗಿಲಿನವರೆಗೆ ಹೋಗಿ ಬಂದ. ಈಗ ಊರಿಗೆ ಮರಳಿದ್ದಾನೆ. ಮದುವೆಮನೆಗೆ ಬರುವುದಿಲ್ಲ, ಈದ್ ದಿನವೂ ನಮಾಝ್ ಮುಗಿಸಿ ಯಾರ ಮುಖವನ್ನೂ ನೋಡದೆ ಮನೆ ಸೇರುತ್ತಾನೆ. ಕಂಡವರೆಲ್ಲ ಕೇಳುವುದು ಒಂದೇ ಪ್ರಶ್ನೆ: “ಏನಾಯಿತು ನಿನ್ನ ರಿಸಲ್ಟು?” ತಂದೆ ಕೊನೆಗೆ ಕೇಳಿದರು: “ಅವನು ಅಧಿಕಾರಿ ಆಗಲಿಲ್ಲ, ಸರಿ. ನನ್ನ ಅಂಗಡಿಗೂ ಒಗ್ಗುತ್ತಿಲ್ಲ. ಈಗ ಅವನು ಏನು, ಮೌಲಾನಾ?”

ಈ ಪ್ರಶ್ನೆಗೆ ಉತ್ತರಿಸಬೇಕಾದವನು ಆ ಯುವಕನಲ್ಲ. ಉತ್ತರಿಸಬೇಕಾದವರು ನಾವು. ಅವನನ್ನು ಆ ಪರೀಕ್ಷೆಗೆ ಹುರಿದುಂಬಿಸಿ ಕಳುಹಿಸಿದವರು ನಾವು. ಬೀಳ್ಕೊಡುವಾಗ ಶಾಲು ಹೊದಿಸಿದವರೂ ನಾವೇ. ಆದರೆ ಅವನು ಬರಿಗೈಯಲ್ಲಿ ಮರಳಿದರೆ ಏನು ಮಾಡಬೇಕೆಂದು ನಮ್ಮಲ್ಲಿ ಒಬ್ಬರೂ ಯೋಚಿಸಿರಲಿಲ್ಲ.

ಸಮುದಾಯವು ತನ್ನ ಮಕ್ಕಳನ್ನು ನಾಗರಿಕ ಸೇವೆಗಳತ್ತ ತಿರುಗಿಸಿದ್ದು ತಪ್ಪಲ್ಲ. ಅದಕ್ಕೆ ಬಲವಾದ ಕಾರಣವಿತ್ತು. 2006ರಲ್ಲಿ ಸಾಚಾರ್ ಸಮಿತಿಯು ತನ್ನ ವರದಿಯಲ್ಲಿ ಐಎಎಸ್‌ನಲ್ಲಿ ಮುಸ್ಲಿಮರು ಶೇ. 3, ವಿದೇಶಾಂಗ ಸೇವೆಯಲ್ಲಿ ಶೇ. 1.8 ಮತ್ತು ಐಪಿಎಸ್‌ನಲ್ಲಿ ಶೇ. 4ರಷ್ಟು ಮಾತ್ರ ಇದ್ದಾರೆಂದು ತಿಳಿಸಿತು. 2001ರ ಜನಗಣತಿಯ ಪ್ರಕಾರ ದೇಶದ ಜನಸಂಖ್ಯೆಯಲ್ಲಿ ಮುಸ್ಲಿಮರ ಪಾಲು ಶೇ. 13.4 ಆಗಿತ್ತು. ಆ ಅಂತರವು ಎಲ್ಲರ ಕಣ್ಣು ತೆರೆಸಿತು. ಅಲ್ಲಿಂದೀಚೆಗೆ ಜಾಮಿಯಾ ಮಿಲ್ಲಿಯಾದ ವಸತಿ ತರಬೇತಿ ಅಕಾಡೆಮಿಯಂತಹ ಸಂಸ್ಥೆಗಳು ಬೆಳೆದವು. 2009ರ ಪರೀಕ್ಷೆಯಲ್ಲಿ ಕಾಶ್ಮೀರದ ಶಾ ಫೈಸಲ್ ದೇಶಕ್ಕೆ ಪ್ರಥಮ ಸ್ಥಾನ ಪಡೆದಾಗ ನಮ್ಮ ಸಣ್ಣ ಪಟ್ಟಣಗಳ ಮನೆಮನೆಗಳಲ್ಲಿಯೂ ಆ ಹೆಸರು ಕೇಳಿಬಂತು. ಇದೆಲ್ಲವೂ ಒಳಿತೇ.

ಆದರೆ ಪ್ರೇರಣಾ ಶಿಬಿರಗಳಲ್ಲಿ ಆ ಹೆಸರನ್ನು ಉಲ್ಲೇಖಿಸುವವರು ಒಂದು ಸಂಗತಿಯನ್ನು ಬಿಟ್ಟುಬಿಡುತ್ತಾರೆ. ಶಾ ಫೈಸಲ್ ಪರೀಕ್ಷೆ ಬರೆಯುವಾಗ ಅವರ ಕೈಯಲ್ಲಿ ಎಂಬಿಬಿಎಸ್ ಪದವಿ ಇತ್ತು. 2018ರ ಪರೀಕ್ಷೆಯಲ್ಲಿ 751ನೇ ರ್‍ಯಾಂಕ್ ಪಡೆದ, ಮದ್ರಸಾ ಹಿನ್ನೆಲೆಯ ಶಾಹಿದ್ ರಝಾ ಖಾನ್ ಜೆಎನ್‌ಯುನಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದವರು. ಆಯ್ಕೆಯಾಗದಿದ್ದರೂ ಒಬ್ಬರು ವೈದ್ಯರಾಗಿ, ಇನ್ನೊಬ್ಬರು ಅಧ್ಯಾಪಕರಾಗಿ ಬದುಕಬಹುದಿತ್ತು. ನಾವು ಅವರ ಗೆಲುವನ್ನು ಮಾತ್ರ ನಮ್ಮ ಮಕ್ಕಳಿಗೆ ತೋರಿಸಿದೆವು. ಆ ಗೆಲುವಿನ ಹಿಂದೆ ಅವರ ಕಾಲಡಿಯಿದ್ದ ಗಟ್ಟಿ ನೆಲವನ್ನು ತೋರಿಸಲಿಲ್ಲ.

ಲೆಕ್ಕವನ್ನು ನೇರವಾಗಿ ನೋಡೋಣ. 2024ರ ನಾಗರಿಕ ಸೇವಾ ಪರೀಕ್ಷೆಗೆ ಅರ್ಜಿ ಹಾಕಿದವರು 9,92,599 ಮಂದಿ. ಪ್ರಿಲಿಮ್ಸ್ ಬರೆದವರು 5,83,213. ಮೇನ್ಸ್‌ಗೆ ಅರ್ಹರಾದವರು 14,627. ಸಂದರ್ಶನ ತಲುಪಿದವರು 2,845. ಕೊನೆಗೆ ಆಯ್ಕೆಯಾದವರು 1,009. ಅಂದರೆ ಪ್ರಿಲಿಮ್ಸ್ ಬರೆದ ಸುಮಾರು 578 ಮಂದಿಯಲ್ಲಿ ಒಬ್ಬರು! ಸಂದರ್ಶನದವರೆಗೂ ಹೋಗಿ ಆಯ್ಕೆಯಾಗದೆ ಮರಳಿದವರೇ 1,836 ಮಂದಿ. ಇವರು ದಡ್ಡರೇ? ಸೋಮಾರಿಗಳೇ? ಖಂಡಿತ ಅಲ್ಲ. ಸ್ಥಾನಗಳು ಸಾವಿರ, ಯೋಗ್ಯರು ಅದಕ್ಕಿಂತ ಎಷ್ಟೋ ಹೆಚ್ಚು. ಹೀಗಿರುವಾಗ ಆಯ್ಕೆಯಾಗದಿರುವುದು ಅಪರಾಧವಲ್ಲ, ಈ ಪರೀಕ್ಷೆಯ ಸಹಜ ಫಲಿತಾಂಶ.

ಈ ಪರೀಕ್ಷೆ ತಿನ್ನುವ ಕಾಲವನ್ನೂ ಗಮನಿಸಬೇಕು. 2024ರ ಪ್ರಿಲಿಮ್ಸ್ ಜೂನ್ 16ರಂದು ನಡೆಯಿತು. ಅಂತಿಮ ಫಲಿತಾಂಶ ಬಂದದ್ದು 2025ರ ಏಪ್ರಿಲ್ 22ರಂದು. ಮುಂದಿನ ಪ್ರಿಲಿಮ್ಸ್ ಮೇ 25ರಂದು. ಸಂದರ್ಶನದಲ್ಲಿ ಬಿದ್ದವನಿಗೆ ಅಳಲು, ಎದ್ದು ನಿಲ್ಲಲು, ಮತ್ತೆ ಓದಲು ದೊರೆತದ್ದು ಬರೀ ಒಂದು ತಿಂಗಳು. ಹೀಗೆ ಒಂದು ವರ್ಷ ಮತ್ತೊಂದರ ಬಾಲ ಹಿಡಿದು ಸಾಗುತ್ತದೆ. ನಿಂತು ಯೋಚಿಸಲು ನಡುವೆ ಒಂದು ನಿಲ್ದಾಣವೂ ಇಲ್ಲ. ಸಾಮಾನ್ಯ ವರ್ಗಕ್ಕೆ 32 ವರ್ಷದವರೆಗೆ ಆರು ಅವಕಾಶ, ಇತರ ಹಿಂದುಳಿದ ವರ್ಗಕ್ಕೆ 35ರವರೆಗೆ ಒಂಬತ್ತು ಅವಕಾಶ. ಈ ರಿಯಾಯಿತಿ ದೊಡ್ಡ ಅನುಗ್ರಹ, ನಿಜ. ಆದರೆ ಎರಡನೆಯ ದಾರಿ ಇಲ್ಲದವನಿಗೆ ಅದೇ ಬಲೆಯಾಗುತ್ತದೆ. ಒಂಬತ್ತು ಬಾರಿ ಬರೆದು 35ಕ್ಕೆ ಊರಿಗೆ ಮರಳಿದವನಿಗೆ ಬೇರೆ ಸರಕಾರಿ ಹುದ್ದೆಗಳ ವಯೋಮಿತಿಯೂ ಬಹುತೇಕ ಮುಗಿದಿರುತ್ತದೆ.

“ಐಎಎಸ್ ಆಗದಿದ್ದರೆ ಕೆಎಎಸ್ ಇದೆಯಲ್ಲ” ಎಂದು ಹಲವರು ಹೇಳುತ್ತಾರೆ. ಇದು ಎರಡನೆಯ ದಾರಿಯಲ್ಲ, ಅದೇ ದಾರಿಯ ಇನ್ನೊಂದು ತಿರುವು. ನಮ್ಮ ರಾಜ್ಯದ ಅನುಭವವನ್ನೇ ನೋಡಿ. 2011ರ ಸಾಲಿನ 362 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ಆಯ್ಕೆಪಟ್ಟಿ ಅಕ್ರಮದ ಆರೋಪದಿಂದ 2014ರಲ್ಲಿ ರದ್ದಾಯಿತು. ಅದಕ್ಕೊಂದು ಕಾನೂನಿನ ಪರಿಹಾರ ಸಿಗಲು 2022 ಬರಬೇಕಾಯಿತು. 2021ರಲ್ಲಿ ಪರೀಕ್ಷೆ ನಡೆದ 545 ಪಿಎಸ್ಐ ಹುದ್ದೆಗಳ ನೇಮಕಾತಿ ಹಗರಣದಿಂದ 2022ರಲ್ಲಿ ರದ್ದಾಗಿ, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ 2024ರ ಆಗಸ್ಟ್ 27ರಂದು ನಡೆದ ಪೂರ್ವಭಾವಿ ಪರೀಕ್ಷೆಯನ್ನು, ಕನ್ನಡ ಪ್ರಶ್ನೆಪತ್ರಿಕೆಯ ಅನುವಾದ ದೋಷಗಳಿಂದಾಗಿ ಡಿಸೆಂಬರ್ 29ರಂದು ಮತ್ತೆ ನಡೆಸಬೇಕಾಯಿತು. ಆ ಮರುಪರೀಕ್ಷೆಯ ಕನ್ನಡದಲ್ಲಿಯೂ ತಪ್ಪುಗಳಿದ್ದವು. ಇಂಗ್ಲಿಷ್‌ನಲ್ಲಿ ಓದಿದ ನಗರದ ವಿದ್ಯಾರ್ಥಿಗಿಂತ ಹೆಚ್ಚು ಪೆಟ್ಟು ತಿಂದವನು ಬಿಕ್ಕೋಡಿನಂತಹ ಊರುಗಳಿಂದ ಹೋದ ಕನ್ನಡ ಮಾಧ್ಯಮದ ಹುಡುಗ. ಪ್ರಾಮಾಣಿಕವಾಗಿ ಓದಿದವನ ವರ್ಷಗಳನ್ನು ಬೇರೊಬ್ಬರ ಅಪ್ರಾಮಾಣಿಕತೆ ಅಥವಾ ಬೇಜವಾಬ್ದಾರಿ ನುಂಗಿಹಾಕಬಲ್ಲದು. ಇಂತಹ ವ್ಯವಸ್ಥೆಯ ಮೇಲೆ ಇಡೀ ಯೌವನವನ್ನು ಒತ್ತೆಯಿಡುವುದು ವಿವೇಕವೇ?

ಇಲ್ಲಿ ಎರಡು ಆಕ್ಷೇಪಗಳು ಬರುತ್ತವೆ. ಮೊದಲನೆಯದು ತರಬೇತಿಯ ವೇದಿಕೆಗಳಿಂದ ಬರುವಂಥದ್ದು: “ಎರಡನೆಯ ದಾರಿ ಇಟ್ಟುಕೊಂಡವನ ಗಮನ ಚದುರುತ್ತದೆ. ತಾರಿಕ್ ಬಿನ್ ಝಿಯಾದ್‌ರಂತೆ ಹಡಗುಗಳನ್ನು ಸುಟ್ಟುಹಾಕಿ ಮುನ್ನುಗ್ಗಿ.” ನಮ್ಮ ಶಿಬಿರಗಳಲ್ಲಿ ಈ ಕಥೆಯನ್ನು ಕೇಳದವರಿಲ್ಲ. ತಾರಿಕ್ ಸ್ಪೇನಿಗೆ ದಾಟಿದ್ದು ಕ್ರಿ.ಶ. 711ರಲ್ಲಿ. ಹಡಗು ಸುಟ್ಟ ಕಥೆ ಬರಹಗಳಲ್ಲಿ ಕಾಣಿಸಿಕೊಳ್ಳುವುದು ಶತಮಾನಗಳ ಬಳಿಕ, ಆದ್ದರಿಂದಲೇ ಇತಿಹಾಸಕಾರರು ಅದನ್ನು ಸಂಶಯದಿಂದ ನೋಡುತ್ತಾರೆ. ಅದು ನಡೆದದ್ದೇ ಎಂದಿಟ್ಟುಕೊಂಡರೂ, ಸಾವಿರಾರು ಸೈನಿಕರ ನಾಯಕನ ರಣತಂತ್ರವು ತಂದೆಯ ಸಾಲದ ಹಣದಲ್ಲಿ ಓದುವ ಇಪ್ಪತ್ತೆರಡರ ಹುಡುಗನಿಗೆ ಹೇಗೆ ಮಾದರಿಯಾದೀತು? ಅವನ ಹಡಗನ್ನು ಸುಡಲು ಹೇಳುವ ಭಾಷಣಕಾರನು ಅವನು ಮುಳುಗುವಾಗ ದಡದಲ್ಲಿ ಇರುವುದಿಲ್ಲ.

ಎರಡನೆಯ ಆಕ್ಷೇಪ ಮನೆಗಳಿಂದ ಬರುತ್ತದೆ: “ಸೋಲಿನ ಬಗ್ಗೆ ಮೊದಲೇ ಯೋಚಿಸುವುದು ಅಲ್ಲಾಹನ ಮೇಲಿನ ಭರವಸೆಗೆ ವಿರುದ್ಧವಲ್ಲವೇ?” ಅಲ್ಲ. ಪವಿತ್ರ ಕುರ್‌ಆನ್ ನಮ್ಮ ಮುಂದಿಡುವ ಒಬ್ಬ ಆಡಳಿತಗಾರನ ಚರಿತ್ರೆಯನ್ನೇ ನೋಡಿ. ಪ್ರವಾದಿ ಯೂಸುಫ್(ಅ) ಈಜಿಪ್ಟಿನ ಭಂಡಾರದ ಹೊಣೆ ಹೊತ್ತವರು. ಏಳು ವರ್ಷ ಸಮೃದ್ಧಿ, ಬಳಿಕ ಏಳು ವರ್ಷ ಬರ ಎಂದು ತಿಳಿದಾಗ ಅವರು ದುಆ ಮಾಡಿ ಕುಳಿತುಕೊಳ್ಳಲಿಲ್ಲ. ಬೆಳೆ ಚೆನ್ನಾಗಿದ್ದ ವರ್ಷಗಳಲ್ಲಿಯೇ ಧಾನ್ಯವನ್ನು ತೆನೆಯಲ್ಲೇ ಕಾಪಿಡುವ ಯೋಜನೆ ಮಾಡಿದರು. ಪ್ರವಾದಿ ಮುಹಮ್ಮದ್(ಸ) ಹಿಜ್‌ರಾ ಹೊರಟಾಗ ಉತ್ತರದಲ್ಲಿರುವ ಮದೀನಾಕ್ಕೆ ಹೋಗಬೇಕಾಗಿದ್ದರೂ ಮೊದಲು ದಕ್ಷಿಣಕ್ಕೆ ತಿರುಗಿ ಸೌರ್ ಗುಹೆಯಲ್ಲಿ ತಂಗಿದರು. ಬಳಿಕದ ಪ್ರಯಾಣಕ್ಕೆ ದಾರಿ ಬಲ್ಲ ಮುಸ್ಲಿಮೇತರ ಮಾರ್ಗದರ್ಶಿಯೊಬ್ಬನನ್ನು ಮೊದಲೇ ಗೊತ್ತುಮಾಡಿದ್ದರು. ತವಕ್ಕುಲ್ ಎಂದರೆ ಯೋಜನೆ ಇಲ್ಲದಿರುವುದಲ್ಲ. ಯೋಜನೆಯನ್ನು ಪೂರ್ತಿ ಮಾಡಿ ಫಲವನ್ನು ಅವನಿಗೆ ಒಪ್ಪಿಸುವುದು.

ಇದನ್ನು ಅರ್ಥ ಮಾಡಿಕೊಳ್ಳಲು ಬಿಕ್ಕೋಡಿನ ಜನ ದೂರ ಹೋಗಬೇಕಾಗಿಲ್ಲ. ಊರಿನ ಯಾವುದೇ ಕಾಫಿ ತೋಟದೊಳಗೆ ಕಾಲಿಟ್ಟರೆ ಸಾಕು. ಕಾಫಿ ಗಿಡಗಳ ನಡುವಿನ ನೆರಳು ಮರಗಳ ಮೇಲೆ ಮೆಣಸಿನ ಬಳ್ಳಿ ಹಬ್ಬಿರುತ್ತದೆ. ಮೆಣಸು ಹಾಕಿದ ಮಾತ್ರಕ್ಕೆ ಬೆಳೆಗಾರನಿಗೆ ಕಾಫಿಯ ಮೇಲೆ ನಂಬಿಕೆಯಿಲ್ಲವೆಂದು ಯಾರೂ ಹೇಳುವುದಿಲ್ಲ. 2000ದ ಆಸುಪಾಸಿನಲ್ಲಿ ಜಗತ್ತಿನಾದ್ಯಂತ ಕಾಫಿ ಬೆಲೆ ನೆಲ ಕಚ್ಚಿದಾಗ ಮಲೆನಾಡಿನ ಬೆಳೆಗಾರರು ಪಟ್ಟ ಪಾಡು ಹಿರಿಯರಿಗೆ ನೆನಪಿದೆ. ಒಂದೇ ಬೆಳೆಯನ್ನು ನೆಚ್ಚಿದವನ ಕಷ್ಟ ಏನೆಂಬುದನ್ನು ಆ ವರ್ಷಗಳು ಕಲಿಸಿದವು. ಇಲ್ಲಿ ಇನ್ನೊಂದು ಪಾಠವೂ ಇದೆ. ಮೆಣಸಿನ ಬಳ್ಳಿ ನೆಟ್ಟ ವರ್ಷವೇ ಫಸಲು ಕೊಡುವುದಿಲ್ಲ. ಅದಕ್ಕೆ ಮೂರು ನಾಲ್ಕು ವರ್ಷ ಬೇಕು. ಕಾಫಿ ಕೈಕೊಟ್ಟ ವರ್ಷ ಬಳ್ಳಿ ನೆಡಲು ಓಡುವವನಿಗೆ ಅದರಿಂದ ಉಪಯೋಗವಿಲ್ಲ. ನಮ್ಮ ಮಕ್ಕಳ ವಿಷಯದಲ್ಲಿ ನಾವು ಮಾಡುತ್ತಿರುವ ತಪ್ಪು ನಿಖರವಾಗಿ ಇದೇ. ಕೊನೆಯ ಪ್ರಯತ್ನ ಮುಗಿದ ಮೇಲೆ ಎರಡನೆಯ ದಾರಿಯನ್ನು ಹುಡುಕಲು ಕೂರುತ್ತೇವೆ. ಅದನ್ನು ಹಾಕಬೇಕಾದದ್ದು ಮೊದಲ ಪ್ರಯತ್ನಕ್ಕೂ ಮುಂಚೆ.

ಹಾಗಾದರೆ ಒಬ್ಬ ಬಿ.ಎ. ಪದವೀಧರನ ಮುಂದೆ ಯಾವ ದಾರಿಗಳಿವೆ? ಪರೀಕ್ಷೆಯ ಓದಿನೊಂದಿಗೇ ಸಾಗಬಲ್ಲ ದಾರಿಗಳನ್ನು ಮೊದಲು ನೋಡೋಣ. ಮೇನ್ಸ್‌ಗೆ ಆರಿಸಿಕೊಂಡ ಐಚ್ಛಿಕ ವಿಷಯದಲ್ಲಿಯೇ ಎಂ.ಎ. ಮಾಡಿದರೆ ಒಂದೇ ಓದು ಎರಡು ಕಡೆ ಫಲ ಕೊಡುತ್ತದೆ. ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಕನ್ನಡ ಸಾಹಿತ್ಯ, ಉರ್ದು ಸಾಹಿತ್ಯ ಇವೆಲ್ಲವೂ ಐಚ್ಛಿಕ ವಿಷಯಗಳ ಪಟ್ಟಿಯಲ್ಲಿವೆ. ಕಾಲೇಜಿಗೆ ಹೋಗಲಾಗದವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಿದೆ. ಬಳಿಕ ಎನ್ಇಟಿ ಅಥವಾ ಕೆ-ಸೆಟ್ ಉತ್ತೀರ್ಣರಾದರೆ ಅಧ್ಯಾಪಕ ವೃತ್ತಿಯ ಬಾಗಿಲು ತೆರೆಯುತ್ತದೆ. ಆದರೆ ಒಂದು ಮಾತು. ಅಲ್ಪಸಂಖ್ಯಾತ ಸಂಶೋಧಕರಿಗಿದ್ದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ಪನ್ನು ಕೇಂದ್ರ ಸರಕಾರ 2022ರಲ್ಲಿ ನಿಲ್ಲಿಸಿತು. ಆದ್ದರಿಂದ ಪಿಎಚ್.ಡಿ. ಬಯಸುವವರು ಎನ್ಇಟಿಯಲ್ಲಿ ಜೆಆರ್‌ಎಫ್ ಪಡೆಯುವುದನ್ನೇ ಗುರಿಯಾಗಿಸಬೇಕು.

ಎರಡನೆಯದು ಕಾನೂನು. ಪದವಿಯ ಬಳಿಕ ಮೂರು ವರ್ಷದ ಎಲ್ಎಲ್‌ಬಿ. ಸಂವಿಧಾನ, ಆಡಳಿತ, ಹಕ್ಕುಗಳು ಎಂದು ಐಎಎಸ್‌ಗಾಗಿ ಓದಿದ್ದೆಲ್ಲ ಇಲ್ಲಿ ಬಂಡವಾಳವಾಗುತ್ತದೆ. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಕನಿಷ್ಠ ಮೂರು ವರ್ಷದ ವಕೀಲಿ ಅನುಭವ ಬೇಕೆಂದು ಸುಪ್ರೀಮ್ ಕೋರ್ಟ್ 2025ರ ಮೇ ತಿಂಗಳಲ್ಲಿ ತೀರ್ಪಿತ್ತಿದೆ. ಆದ್ದರಿಂದ ಈ ದಾರಿ ಹಿಡಿಯುವವರು ತಡ ಮಾಡಬಾರದು. ನಮ್ಮ ತಾಲ್ಲೂಕು ನ್ಯಾಯಾಲಯಗಳಲ್ಲಿ ಬಡವರ ಮಾತನ್ನು ಅವರದೇ ಭಾಷೆಯಲ್ಲಿ ಕೇಳಿಸಿಕೊಂಡು ಕನ್ನಡದಲ್ಲಿ ವಾದಿಸಬಲ್ಲ ವಕೀಲರ ಅಗತ್ಯ ಎಷ್ಟಿದೆ ಎಂಬುದನ್ನು ಅಲ್ಲಿಗೆ ಅಲೆದವರೇ ಹೇಳುತ್ತಾರೆ.

ಮೂರನೆಯದು ಸಣ್ಣದೆಂದು ನಾವು ಕಡೆಗಣಿಸುವ ಹುದ್ದೆಗಳು. ಯುಪಿಎಸ್‌ಸಿ ಪ್ರಿಲಿಮ್ಸ್ ಪ್ರಶ್ನೆಪತ್ರಿಕೆ ಇರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಆದರೆ ಬ್ಯಾಂಕ್ ಗುಮಾಸ್ತರ ಪರೀಕ್ಷೆಯನ್ನೂ ಎಸ್‌ಎಸ್‌ಸಿಯ ಕೆಲವು ಪರೀಕ್ಷೆಗಳನ್ನೂ ಕನ್ನಡದಲ್ಲಿ ಬರೆಯಬಹುದು. 2024ರಲ್ಲಿ ರಾಜ್ಯವು ಒಂದು ಸಾವಿರ ಗ್ರಾಮ ಆಡಳಿತ ಅಧಿಕಾರಿ ಹುದ್ದೆಗಳಿಗೆ ಅರ್ಜಿ ಕರೆಯಿತು. ಐಎಎಸ್ ಓದುವವನು ಇಂತಹ ಪರೀಕ್ಷೆಗಳನ್ನು ಅವಮಾನವೆಂದು ಭಾವಿಸದೆ ಮೊದಲ ವರ್ಷದಿಂದಲೇ ಬರೆಯಬೇಕು. ಸಂಬಳ ಬರುವ ಕೆಲಸದಲ್ಲಿದ್ದುಕೊಂಡು ಮುಂದಿನ ಪ್ರಯತ್ನ ಮಾಡುವವನಿಗೂ, ಪ್ರತಿ ತಿಂಗಳು ತಂದೆಗೆ ಫೋನ್ ಮಾಡಿ ಬಾಡಿಗೆ ಹಣ ಕೇಳುವವನಿಗೂ ಮನಸ್ಸಿನ ನೆಮ್ಮದಿಯಲ್ಲಿ ಅಜಗಜಾಂತರವಿದೆ. ಸಂದರ್ಶನದವರೆಗೆ ಹೋಗಿ ಆಯ್ಕೆಯಾಗದವರಿಗಾಗಿ ಯುಪಿಎಸ್‌ಸಿಯೇ ‘ಪ್ರತಿಭಾ ಸೇತು’ ಎಂಬ ವ್ಯವಸ್ಥೆ ಮಾಡಿದೆ. ಒಪ್ಪಿಗೆ ಕೊಟ್ಟ ಅಭ್ಯರ್ಥಿಗಳ ವಿವರಗಳು ಅದರ ಮೂಲಕ ಉದ್ಯೋಗದಾತರಿಗೆ ದೊರೆಯುತ್ತವೆ. ಆ ಹಂತ ತಲುಪಿದವರು ಇದನ್ನು ಬಳಸಿಕೊಳ್ಳಬೇಕು.

ಮದ್ರಸಾದಲ್ಲಿ ಓದಿ ಪದವಿಯನ್ನೂ ಪಡೆದವರಿಗೆ ಇನ್ನೊಂದು ಸಂಪತ್ತಿದೆ: ಅರಬಿ ಭಾಷೆ. ಅನುವಾದ, ಅರಬ್ ರಾಷ್ಟ್ರಗಳೊಂದಿಗಿನ ವ್ಯಾಪಾರ, ಅಲ್ಲಿಂದ ಬರುವ ರೋಗಿಗಳಿಗೆ ಆಸ್ಪತ್ರೆಗಳಲ್ಲಿ ದುಭಾಷಿ ಕೆಲಸ ಇವೆಲ್ಲ ಆ ಭಾಷೆಯಿಂದ ಸಾಧ್ಯ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಲ್ಲಿ ಅರಬಿ ಮತ್ತು ಪಾರ್ಸಿ ಶಾಸನಗಳಿಗೆಂದೇ ನಾಗಪುರದಲ್ಲಿ ಪ್ರತ್ಯೇಕ ಶಾಖೆ ಇದೆ ಎಂಬುದು ನಮ್ಮಲ್ಲಿ ಎಷ್ಟು ಆಲಿಮರಿಗೆ ಗೊತ್ತು? ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇಗುಲಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಬಿಕ್ಕೋಡಿನಿಂದ ಕೂಗಳತೆಯಲ್ಲಿ ಎನ್ನಬಹುದಾದ ಬೇಲೂರಿಗೆ ಜಗತ್ತೇ ಬರುತ್ತಿರುವಾಗ, ಇತಿಹಾಸ ಓದಿದ ನಮ್ಮ ಮಕ್ಕಳು ಪ್ರವಾಸೋದ್ಯಮದಲ್ಲಿ, ಪುರಾತತ್ವದಲ್ಲಿ ತಮ್ಮ ಪಾಲಿನ ಕೆಲಸವನ್ನು ಏಕೆ ಹುಡುಕಬಾರದು? ಆ ಚರಿತ್ರೆ ಈ ನೆಲದವರೆಲ್ಲರದೂ ಹೌದು.

ತಂದೆಯ ಅಂಗಡಿಯನ್ನೂ ಮರೆಯಬಾರದು. ಓದಿದ ಮಗ ಅಂಗಡಿಯಲ್ಲಿ ಕೂತರೆ ಸೋತು ಕೂತ ಎಂದೇ ಏಕೆ ಭಾವಿಸುತ್ತೇವೆ? ಲೆಕ್ಕಪತ್ರ, ಜಿಎಸ್‌ಟಿ, ಮಾರುಕಟ್ಟೆಯ ಏರಿಳಿತ ತಿಳಿದವನ ಕೈಯಲ್ಲಿ ಅದೇ ವ್ಯಾಪಾರ ಬೇರೆ ಎತ್ತರಕ್ಕೆ ಹೋಗಬಹುದು. ವ್ಯಾಪಾರ ಪ್ರವಾದಿಯವರ(ಸ) ವೃತ್ತಿ ಎಂದು ಖುತ್ಬಾದಲ್ಲಿ ಹೇಳಿ, ಮನೆಯಲ್ಲಿ ಅದನ್ನು ಕೀಳಾಗಿ ಕಾಣುವುದು ಎಂತಹ ನ್ಯಾಯ?

ಹೆಣ್ಣುಮಕ್ಕಳ ವಿಷಯ ಇನ್ನೂ ಗಂಭೀರ. 2023ರ ಪರೀಕ್ಷೆಯಲ್ಲಿ ಆಯ್ಕೆಯಾದ 1,016 ಮಂದಿಯಲ್ಲಿ 352 ಮಹಿಳೆಯರು. 2024ರಲ್ಲಿ 1,009ರಲ್ಲಿ 284. ಅವರು ಗೆಲ್ಲಬಲ್ಲರು ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ. ಆದರೆ ನಮ್ಮ ಮನೆಗಳಲ್ಲಿ ಗಂಡುಮಕ್ಕಳಿಗೆ ಐದು ವರ್ಷ ಕೊಡುವ ತಂದೆ ಮಗಳಿಗೆ ಒಂದು ವರ್ಷ ಕೊಡುತ್ತಾರೆ. ಆಗದಿದ್ದರೆ ಮದುವೆಯೇ ಅವಳ ಎರಡನೆಯ ದಾರಿ ಎಂದು ಮೊದಲೇ ತೀರ್ಮಾನಿಸಿರುತ್ತಾರೆ. ಮದುವೆ ಸುನ್ನತ್, ಅದು ಉದ್ಯೋಗದ ಬದಲಿಯಲ್ಲ. ಮಗಳ ಕೈಯಲ್ಲಿ ಬಿ.ಎಡ್., ಎಲ್ಎಲ್‌ಬಿ ಅಥವಾ ಎಂ.ಎ. ಇದ್ದರೆ ಅದು ಮದುವೆಯ ಬಳಿಕವೂ ಅವಳ ಜೊತೆಗಿರುತ್ತದೆ. ಅರ್ಧಕ್ಕೆ ಬಿಡಿಸಿದ ತರಬೇತಿಯಿಂದ ಅವಳಿಗೆ ಏನೂ ಉಳಿಯುವುದಿಲ್ಲ.

ಇನ್ನು ಜಮಾಅತ್‌ಗಳ ಹೊಣೆ. ತರಬೇತಿಗೆ ಸಹಾಯಧನ ಕೊಡುವಾಗಲೇ “ನಿನ್ನ ಎರಡನೆಯ ದಾರಿ ಯಾವುದು? ಎಷ್ಟು ಪ್ರಯತ್ನದ ಬಳಿಕ ಅದಕ್ಕೆ ತಿರುಗುವೆ?” ಎಂದು ಪ್ರೀತಿಯಿಂದ ಕೇಳಬೇಕು. ಆ ಉತ್ತರ ಕಾಗದದ ಮೇಲೆ ಇರಬೇಕು. ಎರಡು ಪ್ರಯತ್ನಗಳಲ್ಲಿ ಪ್ರಿಲಿಮ್ಸ್ ದಾಟದವನೊಂದಿಗೆ ಕುಳಿತು ಮಾತಾಡುವ ಹಿರಿಯರಿರಬೇಕು. ಪ್ರಮಾಣಪತ್ರದ ವಿಷಯದಲ್ಲೂ ಎಚ್ಚರ ಬೇಕು. ರಾಜ್ಯದ 2ಬಿ ಪ್ರಮಾಣಪತ್ರ ಯುಪಿಎಸ್‌ಸಿಗೆ ಸಾಲದು. ಕೇಂದ್ರದ ಒಬಿಸಿ ಪಟ್ಟಿ ಬೇರೆಯೇ ಆಗಿದ್ದು, ತನ್ನ ಪಂಗಡ ಅದರಲ್ಲಿದೆಯೇ ಎಂದು ಅರ್ಜಿಗೆ ಮೊದಲೇ ನೋಡಿಕೊಳ್ಳಬೇಕು. ಸನ್ಮಾನದ ವೇದಿಕೆಯನ್ನೂ ವಿಸ್ತರಿಸೋಣ. ಶಿಕ್ಷಕಿಯಾದವಳಿಗೆ, ಗ್ರಾಮ ಆಡಳಿತ ಅಧಿಕಾರಿಯಾದವನಿಗೆ, ಸನ್ನದು ಪಡೆದ ವಕೀಲನಿಗೆ ಅದೇ ಶಾಲು, ಅದೇ ಕುರ್ಚಿ ಇರಲಿ. ಜನಸೇವೆಗೆ ಐಎಎಸ್ ಒಂದೇ ಬಾಗಿಲಲ್ಲ. ಹಳ್ಳಿಹಳ್ಳಿಗೆ ಕೊಳವೆಬಾವಿಯ ನೀರು ತಲುಪಿಸಿ ‘ನೀರ್ ಸಾಬ್’ ಎನಿಸಿಕೊಂಡ ಅಬ್ದುಲ್ ನಝೀರ್ ಸಾಬ್ ಐಎಎಸ್ ಅಧಿಕಾರಿಯಾಗಿರಲಿಲ್ಲ. ಮೈಸೂರಿನ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆ ಇಂದು ಅವರ ಹೆಸರನ್ನೇ ಹೊತ್ತಿದೆ, ಅಧಿಕಾರಿಗಳು ತರಬೇತಿಗೆ ಅಲ್ಲಿಗೆ ಹೋಗುತ್ತಾರೆ.

ಬಿಕ್ಕೋಡಿನ ಆ ತಂದೆಯ ಪ್ರಶ್ನೆಗೆ ಮರಳುತ್ತೇನೆ. ಮಾತಿನ ನಡುವೆ ಅವರು ಒಂದು ಸಂಗತಿ ಹೇಳಿದ್ದರು, ಅದಕ್ಕೇನೂ ಬೆಲೆಯಿಲ್ಲ ಎಂಬಂತೆ. 2025ರಲ್ಲಿ ವಕ್ಫ್ ಆಸ್ತಿಗಳ ವಿವರಗಳನ್ನು ಆರು ತಿಂಗಳೊಳಗೆ ‘ಉಮೀದ್’ ಪೋರ್ಟಲಿಗೆ ಸೇರಿಸಬೇಕಾಗಿ ಬಂದಾಗ ಎಲ್ಲೆಡೆ ಮಸೀದಿ ಸಮಿತಿಗಳು ಕಂಗಾಲಾಗಿದ್ದವು. ಆಗ ಈ ಹುಡುಗ ಹಳೆಯ ಪಹಣಿ, ಸರ್ವೆ ನಂಬರು, ನೋಂದಣಿ ಪತ್ರಗಳನ್ನು ಹುಡುಕಿ ಓದಿ, ರಾತ್ರಿಯೆಲ್ಲ ಕುಳಿತು ತುಂಬಿಸಿಕೊಟ್ಟನಂತೆ. ಐದು ವರ್ಷದ ಓದು ವ್ಯರ್ಥವಾಯಿತೆಂದು ಹೇಳುತ್ತಿದ್ದ ಮನೆಗೆ, ಆ ಓದೇ ಆ ರಾತ್ರಿಗಳಲ್ಲಿ ಕೆಲಸ ಮಾಡಿತೆಂಬುದು ಕಾಣಿಸಿರಲಿಲ್ಲ. ಸಮಿತಿಯವರು ಅವನಿಗೆ ಚಹಾ ಕೊಟ್ಟರು. ಸಂಭಾವನೆ ಕೊಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಈ ಹುಡುಗ ಕಾನೂನು ಓದಬೇಕೆಂದು ಹೇಳಲೂ ಯಾರಿಗೂ ತೋಚಲಿಲ್ಲ.

ನಾನು ಆ ತಂದೆಗೆ ಅದನ್ನೇ ಹೇಳಿ ಬಂದೆ. “ಅವನು ಏನು?” ಎಂದು ಕೇಳುವುದನ್ನು ನಿಲ್ಲಿಸಿ, “ಅವನಿಗೆ ಏನು ಬರುತ್ತದೆ?” ಎಂದು ಕೇಳೋಣ. ಪರೀಕ್ಷೆಯ ಫಲಿತಾಂಶ ಮನುಷ್ಯನ ಫಲಿತಾಂಶವಲ್ಲ. ಈ ವರ್ಷವೂ ನಮ್ಮ ಊರುಗಳಿಂದ ಹುಡುಗ ಹುಡುಗಿಯರು ದೊಡ್ಡ ಕನಸು ಹೊತ್ತು ಹೊರಡುತ್ತಾರೆ. ಹೊರಡಲಿ, ಅಲ್ಲಾಹನು ಅವರಿಗೆ ಯಶಸ್ಸು ನೀಡಲಿ. ಆದರೆ ಬಸ್ಸು ಹತ್ತಿಸುವ ಮುನ್ನ ಮೆಣಸಿನ ಬಳ್ಳಿಯನ್ನೂ ನೆಟ್ಟು ಕಳುಹಿಸೋಣ. ಮರಳಿ ಬಂದ ಮಕ್ಕಳು ಈದ್ ದಿನ ತಲೆಯೆತ್ತಿ ಮಸೀದಿಯ ಅಂಗಳದಲ್ಲಿ ನಿಲ್ಲುವಂತಾಗಲಿ.